ಪಂಪ್ ಚಾಲೂ ಮಾಡಿದ ಕೂಡಲೇ ಬಲ್ಬ್ ಮಂಕಾಗುವುದೇಕೆ?

ಬ್ಯಾಡಗಿ ಕಡೆಯ ಹೊಲವೊಂದರ ಪ್ರಶ್ನೆ ಇದು. ಕರೆಂಟ್ ಮೀಟರಿನಿಂದ 100 ಮೀಟರ್ ದೂರದ ಶೆಡ್ಡಿನಲ್ಲಿ ಪಂಪ್ ಶುರುವಾದಾಗಲೆಲ್ಲ ಬಲ್ಬ್ ಮಂಕಾಗುತ್ತದೆ.

ಕಾರಣ ನಡುವಿನ ವೈರ್. ಪಂಪಿಗೂ ಬಲ್ಬಿಗೂ ಅದೊಂದೇ ವೈರ್. ಅದಕ್ಕೂ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ತಡೆ ಇದೆ. ಹರಿಯುವ ಕರೆಂಟನ್ನು ಈ ತಡೆಯಿಂದ ಗುಣಿಸಿದರೆ ಬರುವಷ್ಟು ವೋಲ್ಟೇಜ್ ದಾರಿಯಲ್ಲೇ ಖರ್ಚಾಗುತ್ತದೆ. 1827ರಲ್ಲಿ ಜರ್ಮನಿಯ ಗೇಯೋರ್ಗ್ ಓಮ್ ಪ್ರಕಟಿಸಿದ ನಿಯಮ ಇದೇ.

ಲೆಕ್ಕ ಹಾಕಿ ನೋಡಿ, ಆಗ ಚೆನ್ನಾಗಿ ತಿಳಿಯುತ್ತದೆ. 1.5 ಚದರ ಮಿಲಿಮೀಟರಿನ ತಾಮ್ರದ ವೈರ್ ಅಂದುಕೊಳ್ಳಿ. ಕರೆಂಟ್ ಹೋಗಿ ವಾಪಸ್ ಬರಬೇಕಲ್ವಾ, ಹಾಗಾಗಿ ಉದ್ದ 200 ಮೀಟರ್. ತಡೆ ಸುಮಾರು 2.4 ಓಮ್. 60 ವ್ಯಾಟ್ ಬಲ್ಬ್ ಒಂದೇ ಉರಿದರೆ ಕಾಲು ಆಂಪಿಯರ್ ಸಾಕು, ಒಂದು ವೋಲ್ಟ್ ಕೂಡ ಹೋಗುವುದಿಲ್ಲ. ಆದರೆ ಮೋಟಾರ್ ಶುರುವಾಗುವ ಗಳಿಗೆಯಲ್ಲಿ ಜಾಸ್ತಿ ಎಳೆಯುತ್ತದೆ. ಅದು 20 ಆಂಪಿಯರ್ ಆದರೆ ಸುಮಾರು 48 ವೋಲ್ಟ್ ವೈರಿನಲ್ಲೇ ಹೋಯಿತು! 230ರಲ್ಲಿ ಬಲ್ಬಿಗೆ ಉಳಿದದ್ದು 182.

ತಡೆ ಹುಟ್ಟುವುದು ಹೀಗೆ: ಓಡುವ ಎಲೆಕ್ಟ್ರಾನ್‌ಗಳು ಲೋಹದಲ್ಲಿ ನಡುಗುತ್ತಿರುವ ಪರಮಾಣುಗಳಿಗೆ ತಾಗಿ ಶಕ್ತಿ ಕಳೆದುಕೊಳ್ಳುತ್ತವೆ. ಆ ಶಕ್ತಿಯೇ ಬಿಸಿ. ವೈರ್ ಉದ್ದವಾದಷ್ಟೂ ತಡೆ ಜಾಸ್ತಿ, ದಪ್ಪವಾದಷ್ಟೂ ಕಡಿಮೆ. ಸುಮ್ನೆ ಬಲ್ಬ್ ಬದಲಿಸಬೇಡಿ. 4 ಚದರ ಮಿಲಿಮೀಟರಿನ ವೈರ್ ಎಳೆಸಿ. ಆ 48 ವೋಲ್ಟ್ ನಷ್ಟ 18ರ ಹತ್ತಿರಕ್ಕೆ ಇಳಿಯುತ್ತದೆ.