ಪ್ಲೆಥಾನ್ ಗುಟ್ಟಾಗಿ ಜೀಯಸ್‌ನನ್ನು ಪೂಜಿಸುತ್ತಿದ್ದನಾ?

ನಿಮ್ಮ ಪ್ರಶ್ನೆ ಎರಡು ಭಾಗದ್ದು. ಪ್ಲೆಥಾನ್ ಎಂಬ ಗ್ರೀಕ್ ತತ್ವಜ್ಞಾನಿ ಕ್ರೈಸ್ತ ಸಾಮ್ರಾಜ್ಯದಲ್ಲಿದ್ದುಕೊಂಡೇ ಗುಟ್ಟಾಗಿ ಹಳೆಯ ಗ್ರೀಕರ ದೇವರಾಜ ಜೀಯಸ್‌ನನ್ನು ಪೂಜಿಸುತ್ತಿದ್ದನಾ, ಮತ್ತು ಅವನು ಹೇಳಿಕೊಟ್ಟಿದ್ದಾದರೂ ಏನು ಅಂತ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಪೂಜೆ ಮಾಡಿದ್ದಕ್ಕೆ ಗಟ್ಟಿ ಸಾಕ್ಷಿ ಇಲ್ಲ, ಪೂಜೆ ಹೇಗೆ ಮಾಡಬೇಕು ಅಂತ ಬರೆದಿದ್ದಕ್ಕೆ ಇದೆ. ಆದರೆ ಎಲ್ಲರೂ ಜೀಯಸ್ ಕಥೆಯಿಂದಲೇ ಶುರು ಮಾಡುತ್ತಾರೆ, ನನಗೆ ಅದು ತಲೆಕೆಳಗಾದ ದಾರಿ ಅನಿಸುತ್ತದೆ. ಈ ಮನುಷ್ಯನನ್ನು ಹಿಡಿಯಬೇಕಾದರೆ ತೆರಿಗೆಯಿಂದ ಶುರು ಮಾಡಬೇಕು.

ಹೆಸರು ಜಾರ್ಜಿಯೋಸ್ ಗೆಮಿಸ್ಟೋಸ್. ಪ್ಲೆಥಾನ್ ಅನ್ನುವುದು ಪ್ಲೇಟೋಗೆ ಹತ್ತಿರವಾಗಿ ಕೇಳಲಿ ಅಂತ ಆಮೇಲೆ ಇಟ್ಟುಕೊಂಡ ಹೆಸರು. ಹುಟ್ಟಿದ್ದು 1360ರ ಆಸುಪಾಸು, ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ (ಇಂದಿನ ಇಸ್ತಾಂಬುಲ್). ಜೀವನದ ದೊಡ್ಡ ಭಾಗ ಕಳೆದಿದ್ದು ಮಾತ್ರ ದಕ್ಷಿಣ ಗ್ರೀಸ್‌ನ ಪೆಲೊಪೊನೀಸ್ ಪ್ರಾಂತ್ಯದ ಮಿಸ್ತ್ರಾಸ್‌ನಲ್ಲಿ, ಹಳೆಯ ಸ್ಪಾರ್ಟಾದ ಹತ್ತಿರದ ಬೆಟ್ಟದ ಊರು. ಆ ಹೊತ್ತಿಗೆ ಬೈಜಾಂಟಿಯಂ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯ ಅಂತ ಉಳಿದಿದ್ದೇ ರಾಜಧಾನಿ, ಈ ಪೆಲೊಪೊನೀಸ್‌ನ ಒಂದು ಭಾಗ ಮತ್ತು ಅಲ್ಲಲ್ಲಿ ಒಂದಿಷ್ಟು ಚೂರು. ಉಳಿದಿದ್ದರಲ್ಲಿ ಹೆಚ್ಚಿನ ಕಡೆ ತುರ್ಕರು.

1410ರ ದಶಕದಲ್ಲಿ ಆತ ಚಕ್ರವರ್ತಿ ಎರಡನೇ ಮ್ಯಾನುಯೆಲ್‌ಗೂ ಅವನ ಮಗ ಥಿಯೋಡೋರ್‌ಗೂ ಮನವಿಗಳನ್ನು ಬರೆದ. ಓದಿದರೆ ಆಶ್ಚರ್ಯ ಆಗುತ್ತೆ. ತೆರಿಗೆ ಕಟ್ಟುವವನೇ ಯುದ್ಧಕ್ಕೂ ಹೋಗಬೇಕು ಅಂದರೆ ಎರಡೂ ಕೆಡುತ್ತವೆ, ಅದಕ್ಕೇ ಸೈನಿಕರಿಗೆ ತೆರಿಗೆ ಬೇಡ, ತೆರಿಗೆ ಕಟ್ಟುವವರಿಗೆ ಸೇನೆ ಬೇಡ ಎನ್ನುತ್ತಾನೆ. ಭೂಮಿ ಯಾರ ಸ್ವಂತದ್ದೂ ಅಲ್ಲ, ಉಳುವವನು ಎಲ್ಲಿ ಬೇಕಾದರೂ ಉಳಲಿ, ಬೆಳೆಯಲ್ಲಿ ಮೂರು ಪಾಲು ಮಾಡಿ ಒಂದು ದುಡಿದವನಿಗೆ, ಒಂದು ಎತ್ತು-ಬೀಜ ಕೊಟ್ಟವನಿಗೆ, ಒಂದು ಕಾವಲು ಕಾಯುವ ಸರ್ಕಾರಕ್ಕೆ. ನಮ್ಮಲ್ಲೇ ಉಣ್ಣೆ, ಹತ್ತಿ ಇರುವಾಗ ಹೊರಗಿನ ಬಟ್ಟೆ ಯಾಕೆ ಅಂತ ಕೇಳುತ್ತಾನೆ. ಕೈಕಾಲು ಕತ್ತರಿಸುವ ಶಿಕ್ಷೆ ಬಿಟ್ಟು ಕೈದಿಗಳಿಂದ ಕೆಲಸ ಮಾಡಿಸಿ ಎನ್ನುತ್ತಾನೆ. ಸನ್ಯಾಸಿಗಳ ವಿಷಯಕ್ಕೆ ಬಂದರೆ ಮುಲಾಜೇ ಇಲ್ಲ, ಸಮಾಜಕ್ಕೆ ಏನೂ ಮಾಡದೆ ತಮ್ಮ ಪಾಡಿಗೆ ಧ್ಯಾನ ಮಾಡುವವರಿಗೆ ಸರ್ಕಾರದ ದುಡ್ಡು ಯಾಕೆ? ಜನರ ಬಗ್ಗೆಯೂ ಒಂದು ಮಾತಿದೆ: ನಾವು ಹೆಲೆನ್ನರು (ಅಂದರೆ ಗ್ರೀಕರು), ಭಾಷೆಯೂ ಹಿರಿಯರಿಂದ ಬಂದ ವಿದ್ಯೆಯೂ ಅದಕ್ಕೆ ಸಾಕ್ಷಿ. ತಮ್ಮನ್ನು ರೋಮನ್ನರು ಅಂತಲೇ ಕರೆದುಕೊಳ್ಳುತ್ತಿದ್ದ ರಾಜ್ಯದಲ್ಲಿ ಇದು ಸಣ್ಣ ಮಾತಲ್ಲ. ಆ ಸುಧಾರಣೆಗಳು ಜಾರಿಗೆ ಬರಲಿಲ್ಲ, ಬಿಡಿ.

ಆಮೇಲೆ ಇಟಲಿ. ಚಕ್ರವರ್ತಿ ಎಂಟನೇ ಜಾನ್ ಪೋಪ್‌ನ ಸಹಾಯ ಬೇಕಾಗಿ ಪೂರ್ವದ ಆರ್ಥೊಡಾಕ್ಸ್, ಪಶ್ಚಿಮದ ಕ್ಯಾಥೊಲಿಕ್ ಎರಡು ಚರ್ಚ್‌ಗಳನ್ನು ಒಂದು ಮಾಡಲು 1438ರಲ್ಲಿ ಫೆರಾರಾಗೆ, 1439ರಲ್ಲಿ ಫ್ಲಾರೆನ್ಸ್‌ಗೆ ಹೋದಾಗ ಈ ಮುದುಕನನ್ನೂ ಕರೆದೊಯ್ದ, ಎಂಬತ್ತರ ಹತ್ತಿರದ ವಯಸ್ಸು. ಚರ್ಚ್ ಒಂದಾಗುವುದು ಪ್ಲೆಥಾನ್‌ಗೆ ಇಷ್ಟವಿರಲಿಲ್ಲ. ಸಭೆಯ ಹೊರಗೆ ಮಾತ್ರ ಆತನಿಗೆ ಒಳ್ಳೆಯ ಕೇಳುಗರು ಸಿಕ್ಕರು. ಪಶ್ಚಿಮದ ವಿಶ್ವವಿದ್ಯಾಲಯಗಳಲ್ಲಿ ಅರಿಸ್ಟಾಟಲ್‌ನದೇ ರಾಜ್ಯ, ಪ್ಲೇಟೋ ಬರಹಗಳಲ್ಲಿ ಲ್ಯಾಟಿನ್‌ಗೆ ಬಂದಿದ್ದು ಕೆಲವೇ. ಅಲ್ಲೇ ಕೂತು ಇಬ್ಬರ ವ್ಯತ್ಯಾಸಗಳ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದ. ಅರಿಸ್ಟಾಟಲ್‌ನ ದೇವರು ಬರೀ ಚಲನೆ ಕೊಡುವವನು, ಸೃಷ್ಟಿಸುವವನಲ್ಲ. ಆತ್ಮ ಸಾಯುವುದಿಲ್ಲ ಅನ್ನುವುದನ್ನು ನೇರವಾಗಿ ಹೇಳುವ ಧೈರ್ಯವೂ ಅವನಿಗಿಲ್ಲ, ಇಂಥ ವಾದಗಳು. ಪ್ಲೇಟೋ ಅಕಾಡೆಮಿಯ ಕನಸು ಫ್ಲಾರೆನ್ಸ್‌ನ ಧಣಿ ಕೋಸಿಮೋ ಮೆಡಿಚಿಗೆ ಬಂದಿದ್ದು ಪ್ಲೆಥಾನ್‌ನ ಮಾತು ಕೇಳಿ ಅಂತ ಅಲ್ಲಿನ ತತ್ವಜ್ಞಾನಿ ಫಿಚಿನೋ ಐವತ್ತು ವರ್ಷ ಕಳೆದ ಮೇಲೆ ಬರೆದ. ಸ್ವಲ್ಪ ಬಣ್ಣ ಹಚ್ಚಿರಬಹುದು, ಆದರೆ ಪ್ಲೇಟೋನನ್ನು ಪೂರ್ತಿ ಲ್ಯಾಟಿನ್‌ಗೆ ತಂದವನು ಇದೇ ಫಿಚಿನೋ.

ಈಗ ಜೀಯಸ್. ಪ್ಲೆಥಾನ್ ಗುಟ್ಟಾಗಿಟ್ಟುಕೊಂಡಿದ್ದ ಪುಸ್ತಕದ ಹೆಸರು 'ಕಾನೂನುಗಳು'. ಅಲ್ಲಿ ಜೀಯಸ್ ಅಂದರೆ ಪುರಾಣದ ರಸಿಕ ದೇವರಲ್ಲ, ಯಾರಿಂದಲೂ ಹುಟ್ಟದ ಮೂಲ ತತ್ವ. ಪೊಸೈಡನ್ ಅವನ ಮೊದಲ ಮಗ, ಅಲ್ಲಿಂದ ಕೆಳಗೆ ಒಂದೊಂದೇ ಮೆಟ್ಟಿಲು. ಎಲ್ಲವೂ ಮೊದಲೇ ನಿಗದಿಯಾಗಿದೆ, ವಿಧಿಯನ್ನು ದೇವರೂ ಬದಲಿಸುವುದಿಲ್ಲ. ಆತ್ಮ ಮತ್ತೆ ಮತ್ತೆ ಹುಟ್ಟುತ್ತದೆ. ದಿನದ ಬೇರೆ ಬೇರೆ ಹೊತ್ತಿನ ಪ್ರಾರ್ಥನೆಗಳು, ಸ್ತೋತ್ರಗಳು, ನಮ್ಮ ಪಂಚಾಂಗದ ಹಾಗೆ ಚಂದ್ರನನ್ನು ಹಿಡಿದು ನಡೆಯುವ ಒಂದು ಕ್ಯಾಲೆಂಡರ್ ಕೂಡ ಇದೆ. ತನ್ನ ಗುರುಪರಂಪರೆಯನ್ನು ಪರ್ಷಿಯಾದ ಪ್ರವಾದಿ ಜರತುಷ್ಟ್ರನಿಂದ ಶುರು ಮಾಡುತ್ತಾನೆ, ಪಟ್ಟಿಯಲ್ಲಿ ಭಾರತದ ಬ್ರಾಹ್ಮಣರೂ ಇದ್ದಾರೆ. (ಇದನ್ನು ಹಿಡಿದುಕೊಂಡು ಪ್ಲೆಥಾನ್ ಉಪನಿಷತ್ತು ಓದಿದ್ದ ಅಂತ ವಾಟ್ಸಾಪ್‌ನಲ್ಲಿ ಹಾಕಬೇಡಿ. ಹಳೆಯ ಗ್ರೀಕ್ ಬರಹಗಳಿಂದ ಬಂದ ಹೆಸರು, ಅಷ್ಟೇ.)

ನನ್ನ ಓದಿನಲ್ಲಿ ಈ ದೇವರುಗಳೂ ಆ ತೆರಿಗೆ ಯೋಜನೆಯೂ ಒಂದೇ ಯೋಚನೆಯ ಎರಡು ತುದಿ. ಕುಸಿಯುತ್ತಿರುವ ರಾಜ್ಯವನ್ನು ಬುಡದಿಂದ ಮತ್ತೆ ಕಟ್ಟಬೇಕು, ಅದಕ್ಕೆ ಜನರ ನಂಬಿಕೆಗೂ ಹೊಸ ಕ್ರಮ ಬೇಕು ಅನ್ನುವ ಹಟ. ಮನವಿಗಳಲ್ಲೇ ಆತ ದೇವರ ಬಗ್ಗೆ ಸರಿಯಾದ ತಿಳಿವಳಿಕೆ ಇಲ್ಲದೆ ರಾಜ್ಯ ನಿಲ್ಲುವುದಿಲ್ಲ ಎನ್ನುತ್ತಾನೆ, ಅಲ್ವಾ?

ಒಂದು ಎಚ್ಚರಿಕೆ. ಪ್ಲೆಥಾನ್ ತೀರಿಕೊಂಡ ವರ್ಷ 1452 ಅಂತ ಹಳೆಯ ಲೆಕ್ಕ, 1454 ಎನ್ನುವವರೂ ಇದ್ದಾರೆ. ಆಮೇಲೆ ಆ ಪುಸ್ತಕದ ಪ್ರತಿ ಮಿಸ್ತ್ರಾಸ್‌ನ ಅರಸನ ಹೆಂಡತಿಯ ಕೈಗೆ ಹೋಗಿ, ಅಲ್ಲಿಂದ ಗೆನಾಡಿಯೋಸ್ ಸ್ಕೊಲಾರಿಯೋಸ್‌ಗೆ ಸೇರಿತು. ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಗೆ ಬಿದ್ದ ಮೇಲೆ ಪೇಟ್ರಿಯಾರ್ಕ್, ಅಂದರೆ ಅಲ್ಲಿನ ಚರ್ಚ್‌ನ ಮುಖ್ಯಸ್ಥ ಆದವನು, ಅರಿಸ್ಟಾಟಲ್ ಪರವಾಗಿ ಪ್ಲೆಥಾನ್ ಜೊತೆ ವಾದಕ್ಕಿಳಿದಿದ್ದವನು. ಅವನು ಅದನ್ನು ಸುಡಿಸಿದ, ಸುಡಿಸಿದ್ದು ಸರಿ ಅಂತ ತೋರಿಸಲು ಅಧ್ಯಾಯಗಳ ಪಟ್ಟಿಯನ್ನೂ ದೇವರು-ಪ್ರಾರ್ಥನೆ ಇರುವ ಕೆಲವು ಭಾಗಗಳನ್ನೂ ಉಳಿಸಿಕೊಂಡ. ವಿಧಿಯ ಅಧ್ಯಾಯದಂಥ ಒಂದೆರಡು ತುಂಡು ಬೇರೆ ಪ್ರತಿಗಳಲ್ಲಿ ಮೊದಲೇ ಓಡಾಡುತ್ತಿದ್ದವು. ಪ್ಲೆಥಾನ್ ಅಂದರೆ ಜೀಯಸ್ ಅಂತ ನಮಗೆ ಕಾಣುವುದಕ್ಕೆ ಈ ಆಯ್ಕೆಯೂ ಒಂದು ಕಾರಣ. ಇನ್ನು ಇಟಲಿಯಲ್ಲಿ ನೆಲೆಸಿದ್ದ ಗ್ರೀಕ್ ವಿದ್ವಾಂಸ ಟ್ರೆಬಿಜಾಂಡ್‌ನ ಜಾರ್ಜ್ ಹೇಳುವ ಕಥೆ, ಇಡೀ ಲೋಕ ಬೇಗ ಒಂದೇ ಧರ್ಮಕ್ಕೆ ಬರುತ್ತದೆ, ಅದು ಕ್ರಿಸ್ತನದೂ ಅಲ್ಲ ಮಹಮ್ಮದನದೂ ಅಲ್ಲ ಅಂತ ಪ್ಲೆಥಾನ್ ಫ್ಲಾರೆನ್ಸ್‌ನಲ್ಲಿ ಹೇಳಿದ್ದನಂತೆ. ಎಲ್ಲ ಕಡೆ ಅದನ್ನೇ ಎತ್ತಿ ಹಾಕುತ್ತಾರೆ. ಈ ಜಾರ್ಜ್ ಪ್ಲೇಟೋ ಹೆಸರು ಕೇಳಿದರೆ ಉರಿದು ಬೀಳುತ್ತಿದ್ದವನು, ಬರೆದಿದ್ದು ಪ್ಲೆಥಾನ್ ಸತ್ತ ಮೇಲೆ.