ಲಾಲ್‌ಬಾಗಿನಲ್ಲಿ ಮಕ್ಕಳಿಗೆ ಏನನ್ನು ತೋರಿಸಬೇಕು?

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಮಕ್ಕಳನ್ನು ಲಾಲ್‌ಬಾಗಿಗೆ ಕರೆದೊಯ್ಯಬೇಕೆಂದಿದ್ದೇವೆ. ಅಲ್ಲಿನ ಅಪರೂಪದ ಗಿಡಮರಗಳನ್ನು ನೋಡಲು ಅರ್ಧ ದಿನವಷ್ಟೇ ಸಿಗುತ್ತದೆ. ಯಾವುದನ್ನು, ಹೇಗೆ ನೋಡಬೇಕೆಂದು ದಯವಿಟ್ಟು ತಿಳಿಸಿ.
– ಒಬ್ಬ ಶಿಕ್ಷಕಿ, ಚಿಂತಾಮಣಿ

ಉತ್ತರ: ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟ ಇಂದು ಸುಮಾರು 240 ಎಕರೆಗೆ ಹರಡಿದೆ. ಅರ್ಧ ದಿನದಲ್ಲಿ ಎಲ್ಲವನ್ನೂ ಸುತ್ತಿಸಲು ಹೊರಟರೆ ಮಕ್ಕಳ ಕಾಲು ಸೋಲುತ್ತದೆಯೇ ಹೊರತು ಮನಸ್ಸಿನಲ್ಲಿ ಏನೂ ನಿಲ್ಲುವುದಿಲ್ಲ. ಆದ್ದರಿಂದ ಎರಡು ಮೂರು ಮರಗಳನ್ನಷ್ಟೇ ಆರಿಸಿಕೊಂಡು, ಪ್ರತಿಯೊಂದರ ಬಳಿಯೂ ಸಾಕಷ್ಟು ಹೊತ್ತು ನಿಲ್ಲಿ ಎಂಬುದು ನನ್ನ ಸಲಹೆ.

ಮೊದಲಿಗೆ ನಾಗಲಿಂಗ ಪುಷ್ಪದ ಮರ. ಶಿವಾಲಯಗಳ ಅಂಗಳದಲ್ಲಿ ಬೆಳೆಸುವುದರಿಂದ ಇದು ನಮ್ಮದೇ ಎನಿಸಿದರೂ ಇದರ ತವರು ದಕ್ಷಿಣ ಅಮೆರಿಕ. ಹೂಗೊಂಚಲು ಕೊಂಬೆಯ ತುದಿಯಲ್ಲಿ ಮೂಡದೆ ನೇರವಾಗಿ ಕಾಂಡದಿಂದಲೇ ಹೊರಡುತ್ತದೆ. ಕೆಳಗೆ ಬಿದ್ದ ಹೂವೊಂದನ್ನು ಎತ್ತಿಕೊಂಡು ಮಕ್ಕಳ ಕೈಗೆ ಭೂತಗನ್ನಡಿ ಕೊಡಿ. ಆರು ದಪ್ಪ ದಳಗಳ ನಡುವೆ ಕೇಸರಗಳ ಒಂದು ಬಳೆ, ಅದರ ಮೇಲೆ ಹೆಡೆಯಂತೆ ಬಾಗಿದ ಮತ್ತೊಂದು ಕೇಸರಗುಚ್ಛ ಕಾಣುತ್ತದೆ. ಈ ಹೂವಿನಲ್ಲಿ ಮಕರಂದವಿಲ್ಲ. ಹೆಡೆಯಲ್ಲಿರುವ ಪರಾಗ ದುಂಬಿಗಳಿಗೆ ಮೀಸಲಾದ ಆಹಾರವಾಗಿದ್ದು, ಅದಕ್ಕಾಗಿ ಅವು ಸಂದಿಯೊಳಗೆ ನುಸುಳಿದಾಗ ಬಳೆಯಲ್ಲಿನ ಫಲವತ್ತಾದ ಪರಾಗ ಅವುಗಳ ಬೆನ್ನಿಗೆ ಮೆತ್ತಿಕೊಂಡು ಮತ್ತೊಂದು ಹೂವನ್ನು ಸೇರುತ್ತದೆ. ಪಠ್ಯದಲ್ಲಿ ಓದಿದ ಪರಾಗಸ್ಪರ್ಶ ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಾಣುವುದು ಅಪರೂಪ. ಆದರೆ ಕಾಯಿಗಳು ಗುಂಡಿನಷ್ಟು ಗಟ್ಟಿಯಾಗಿಯೂ ಭಾರವಾಗಿಯೂ ಇರುವುದರಿಂದ, ಕಾಯಿ ತೂಗುತ್ತಿರುವ ಕಡೆ ಮಕ್ಕಳನ್ನು ನಿಲ್ಲಿಸಬೇಡಿ.

ಆಫ್ರಿಕಾ ಮೂಲದ ಕಿಗೇಲಿಯ ಮರವನ್ನೂ ತಪ್ಪದೆ ತೋರಿಸಿ. ಉದ್ದನೆಯ ತೊಟ್ಟುಗಳಿಂದ ಜೋತುಬಿದ್ದ ಇದರ ಕಡುಗೆಂಪು ಹೂಗಳು ರಾತ್ರಿ ಅರಳಿ ಬಾವಲಿಗಳನ್ನು ಕರೆಯುತ್ತವೆ. ಹೂ ಬಿಡುವ ಕಾಲದಲ್ಲಿ ಬೆಳಿಗ್ಗೆ ಬೇಗ ಹೋದರೆ ಮರದ ಬುಡದಲ್ಲಿ ಉದುರಿದ ಹೂಗಳು ಸಿಗುತ್ತವೆ. ಚಿಂತಾಮಣಿಯಿಂದ ನಸುಕಿನಲ್ಲೇ ಹೊರಟರೆ ಹೊಸಕೋಟೆಯಿಂದಾಚೆಗಿನ ವಾಹನ ದಟ್ಟಣೆಯೂ ತಪ್ಪುತ್ತದೆ.

ಸಮಯ ಉಳಿದರೆ ಹಳೆಯ ಬಿಳಿ ಬೂರುಗದ ಗೋಡೆಯಂಥ ಬೇರುಗಳನ್ನೂ, ತಮಿಳುನಾಡಿನ ತಿರುವಕ್ಕರೈಯಿಂದ ತಂದಿರುವ, ಸುಮಾರು 2 ಕೋಟಿ ವರ್ಷ ಹಳೆಯದಾದ ಕಲ್ಲಾದ ಮರವನ್ನೂ ನೋಡಿ.

ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಸಂದರ್ಭದ ಫಲಪುಷ್ಪ ಪ್ರದರ್ಶನಗಳು ಸೊಗಸಾಗಿರುತ್ತವೆ, ನಿಜ. ಆದರೆ ಆ ಜನಸಂದಣಿಯಲ್ಲಿ ಒಂದು ಮರದ ಮುಂದೆ ನಿಂತು ಪಾಠ ಮಾಡಲು ಸಾಧ್ಯವಿಲ್ಲ. ಬೇರೆ ಯಾವುದಾದರೂ ವಾರದ ನಡುವಿನ ದಿನವನ್ನು ಆರಿಸಿಕೊಳ್ಳಿ.