ಹಳೆಯ ಗ್ರಾಫಿಕ್ಸ್ ಕಾರ್ಡ್ ಹೊಸ ಬೋರ್ಡಿಗೆ ಹೊಂದುತ್ತದೆಯೇ?

ಪ್ರಶ್ನೆ: ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್ ಬದಲಿಸಬೇಕೆಂದಿದ್ದೇನೆ. ಕೈಯಲ್ಲಿ ದುಡ್ಡು ಕಡಿಮೆ. ಈಗಿರುವ 6 ಜಿಬಿಯ ಜಿಟಿಎಕ್ಸ್ 1060 ಕಾರ್ಡನ್ನೇ ಉಳಿಸಿಕೊಳ್ಳಬಹುದೇ?

ಉತ್ತರ: ಧಾರಾಳವಾಗಿ. ಅದು ಪಿಸಿಐಇ (ಕಾರ್ಡನ್ನು ಬೋರ್ಡಿಗೆ ಜೋಡಿಸುವ ಸಂಪರ್ಕ) 3.0 ಕಾರ್ಡ್, 4.0 ಅಥವಾ 5.0 ಸ್ಲಾಟಿನಲ್ಲೂ ತನ್ನ ವೇಗದಲ್ಲೇ ಓಡುತ್ತದೆ. ಎಲ್ಲಕ್ಕಿಂತ ಮೇಲಿರುವ ಉದ್ದನೆಯ ಸ್ಲಾಟಿಗೆ ಹಾಕಿ. ಕೆಳಗಿನದು ನೋಡಲು ಅಷ್ಟೇ ಉದ್ದವಿದ್ದರೂ ಎಷ್ಟೋ ಬೋರ್ಡುಗಳಲ್ಲಿ ಅದಕ್ಕೆ ನಾಲ್ಕೇ ಲೇನ್ (ಮಾಹಿತಿ ಓಡಾಡುವ ದಾರಿ) ಇರುತ್ತವೆ.

ಕಾರ್ಡಿಗೆ ಬೇಕಾಗುವುದು 120 ವಾಟ್. ಸ್ಲಾಟ್ ಕೊಡುವುದು ಹೆಚ್ಚೆಂದರೆ 75, ಆದ್ದರಿಂದ ಪವರ್ ಕೇಬಲ್ ಚುಚ್ಚಲೇಬೇಕು. ಮರೆತರೆ ಪರದೆ ಕಪ್ಪಾಗಿಯೇ ಉಳಿಯಬಹುದು. ಎಸ್‌ಎಂಪಿಎಸ್ಸನ್ನೂ (ವಿದ್ಯುತ್ ಒದಗಿಸುವ ಪೆಟ್ಟಿಗೆ) ಬದಲಿಸುವುದಾದರೆ ಹಳೆಯದರ ಕೇಬಲ್ ಹೊಸದಕ್ಕೆ ಸಿಕ್ಕಿಸಬೇಡಿ. ಪ್ಲಗ್ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆಯಾಗಿದ್ದರೆ ಕಾರ್ಡೇ ಸುಟ್ಟುಹೋಗಬಹುದು.

ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿಗಲ್ಲ, ಕಾರ್ಡಿಗೇ ಜೋಡಿಸಿ. ಹೆಸರಿನ ಕೊನೆಯಲ್ಲಿ 'ಎಫ್' ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಎಎಂಡಿಯ ರೈಜನ್ 5 5600ರಲ್ಲೂ ಇಲ್ಲ. ಇಂಥದನ್ನು ಕೊಂಡರೆ ಸ್ವಲ್ಪ ಹಣ ಉಳಿಯಬಹುದು. ಆದರೆ ಮುಂದೆಂದಾದರೂ ಕಾರ್ಡ್ ಕೆಟ್ಟರೆ ಪರದೆಯಲ್ಲಿ ಏನೂ ಮೂಡದು. ನಿಮ್ಮ ಕಾರ್ಡಿಗೆ ವಯಸ್ಸಾಗಿರುವುದರಿಂದ ಗ್ರಾಫಿಕ್ಸ್ ಇರುವ ಪ್ರೊಸೆಸರನ್ನೇ ಕೊಳ್ಳಿ ಎಂಬುದು ನಮ್ಮ ಸಲಹೆ.

ಹೇಗೂ ಬಿಚ್ಚುತ್ತೀರಲ್ಲ, ಕಾರ್ಡಿನ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕಿನ ದೂಳು ತೆಗೆಯಿರಿ. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದಿರಿ. ಆಟವಾಡುವಾಗ ತಾಪ 83 ಡಿಗ್ರಿ ಮುಟ್ಟಿ ವೇಗ ಕುಸಿಯುತ್ತಿದ್ದರೆ ಗ್ರಾಫಿಕ್ಸ್ ಚಿಪ್ಪಿನ ಬಿಸಿಯನ್ನು ಅದಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸದನ್ನು ಚಿಪ್ಪಿನ ಮೇಲೆ ತೆಳುವಾಗಿ ಹಚ್ಚಿ. ಮೆಮೊರಿ ಮೇಲಿನ ಥರ್ಮಲ್ ಪ್ಯಾಡ್ (ಬಿಸಿ ದಾಟಿಸುವ ಮೆತ್ತನೆಯ ಪಟ್ಟಿ) ಹರಿದರೆ ಅಷ್ಟೇ ದಪ್ಪದ್ದನ್ನೇ ಹಾಕಬೇಕು, ದಪ್ಪ ಹೆಚ್ಚಾದರೆ ಹೀಟ್‌ಸಿಂಕ್ ಗ್ರಾಫಿಕ್ಸ್ ಚಿಪ್ಪಿಗೆ ತಾಗುವುದಿಲ್ಲ.